ಕುಣಿಗಲ್ಲಿನಿಂದ ಬಂದ ಉಪ್ಪುನೀರಿನ ಮೀನು

ಐದು ವರ್ಷದ ಮೇಲೆ ನನ್ನ ಹೆಂಡತಿ ನನಗೆ ಫೋನ್ ಮಾಡಿದ್ದು ಒಂದು ಮೀನಿನ ವಿಷಯಕ್ಕೆ.

ಆಗ ನಾನು ಗುಬ್ಬಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡುಗಳಿಗೆ ಸಹಿ ಹಾಕುತ್ತಾ ಕೂತಿದ್ದೆ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಸಿಕ್ಕಿದ್ದಕ್ಕೆ ಹತ್ತಿ ವಾಪಸ್ ಬರುತ್ತೇನೆ. ಫೋನಿನ ಮೇಲೆ ಅವಳ ಹೆಸರು ಮೂಡಿದಾಗ ತಪ್ಪಿ ಕೈ ತಗುಲಿ ಬಂದ ಕರೆಯಿರಬೇಕು ಅಂದುಕೊಂಡು ಎರಡು ರಿಂಗ್ ಸುಮ್ಮನಿದ್ದೆ.

“ಹಲೋ, ನಾನು,” ಅಂದಳು.

“ಹೇಳು,” ಅಂದೆ. ಅಂದಮೇಲೆ, “ಹೇಳಿ” ಅನ್ನಬೇಕಿತ್ತೇನೋ ಅನ್ನಿಸಿತು.

“ಕ್ಲಾಸಲ್ಲಿದೀರಾ?”

“ಇಲ್ಲ, ಹೇಳು.”

“ನಂಗೆ ಎಚ್.ಎಂ. ಪ್ರಮೋಷನ್ ಆಯ್ತು. ಕುಮಟಾ ಹತ್ರ ಒಂದು ಹೈಸ್ಕೂಲು. ಇನ್ನೊಂದ್ ತಿಂಗಳಲ್ಲಿ ಹೋಗಿ ಜಾಯಿನ್ ಆಗ್ಬೇಕು. ಈ ಮೀನನ್ನ ಅಷ್ಟು ದೂರ ಹೊತ್ಕೊಂಡು ಹೋಗೋಕಾಗಲ್ಲ. ನಿಮ್ಮ ತೊಟ್ಟಿ ಇನ್ನೂ ಇದೆಯಾ?”

ಇದೆ ಅಂದೆ. ಮೀನು ಇನ್ನೂ ಬದುಕಿದೆಯಾ ಎಂದು ಕೇಳುವುದಕ್ಕೆ ಬಾಯಿ ಬರಲಿಲ್ಲ. ಬದುಕಿರುವುದಕ್ಕೇ ಅಲ್ಲವೇ ಫೋನು.

“ನಿನ್ನ ತೊಟ್ಟಿ ನೀರಲ್ಲಿ ಉಪ್ಪು ಎಷ್ಟಿದೆ?” ಅಂತ ಕೇಳಿದೆ.

ಆ ಕಡೆ ಅವಳು ನಕ್ಕಳು. “ಪ್ರಮೋಷನ್ನಿಗೆ ಕಂಗ್ರಾಜುಲೇಷನ್ ಅಂತ ಹೇಳಲ್ವಾ? ಇಪ್ಪತ್ತಿದೆ.”

ಉಪ್ಪುನೀರಿನ ಮೀನು ಸಾಕುವವರು ನೀರಿನ ಸಾಂದ್ರತೆಯನ್ನು ಸಾವಿರದಿಪ್ಪತ್ತು, ಸಾವಿರದಿಪ್ಪತ್ತೈದು ಅಂತೆಲ್ಲ ಪೂರ್ತಿ ಹೇಳುವುದಿಲ್ಲ. ಕೊನೆಯ ಎರಡಂಕಿ ಹೇಳಿದರೆ ಸಾಕು. ಸಮುದ್ರದ ನೀರು ಇಪ್ಪತ್ತೈದು. ಇಪ್ಪತ್ತೆಂದರೆ ಅದಕ್ಕಿಂತ ಒಂದಿಷ್ಟು ಸಪ್ಪೆ.

ಸಮುದ್ರವನ್ನು ಸರಿಯಾಗಿ ನೋಡದ ನಾವಿಬ್ಬರು ತುಮಕೂರಿನ ಬಾಡಿಗೆ ಮನೆಯ ಮಹಡಿಯಲ್ಲಿ ನಾಲ್ಕಡಿ ಸಮುದ್ರ ಮಾಡಿ ಇಟ್ಟುಕೊಂಡಿದ್ದೆವು. ಮದುವೆಯಾಗಿ ಹತ್ತು ವರ್ಷ ಆಗಿತ್ತು. ಮಕ್ಕಳಾಗುವುದಿಲ್ಲ ಎಂದು ಗೊತ್ತಾಗಿ, ಅದರ ಬಗ್ಗೆ ಮಾತಾಡುವುದನ್ನೂ ಬಿಟ್ಟಾಗಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಗಾಜಿನ ಹಿಂದೆ ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯ ಒಂದು ಪುಟ್ಟ ಕ್ಲೌನ್ ಮೀನನ್ನು ಅವಳು ಬಹಳ ಹೊತ್ತು ನೋಡುತ್ತಾ ನಿಂತಳು. ಅಲ್ಲಿಂದ ಶುರುವಾಯಿತು. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪಿನ ಪುಡಿ ಹಾಕಿ ಕಲಸುವುದು ಅವಳ ಕೆಲಸ, ಅಳೆಯುವುದು ನನ್ನದು. ಭಾನುವಾರ ಬೆಳಿಗ್ಗೆ ಡ್ರಮ್ಮಿನ ಮುಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಇನ್ನೊಂದು ಹಿಡಿ ಹಾಕು, ಸಾಕು, ಇನ್ನೊಂದ್ ಸ್ವಲ್ಪ ಎನ್ನುತ್ತಾ ಕಾಲ ಕಳೆಯುತ್ತಿದ್ದೆವು. ನಮ್ಮ ಮನೆಯಲ್ಲಿ ಅಷ್ಟು ಮಾತು ಕೇಳಿಬರುತ್ತಿದ್ದದ್ದು ಆಗ ಮಾತ್ರ.

ಆ ಸಮುದ್ರವನ್ನು ಹಾಳು ಮಾಡಿದವನು ನಾನು. ಆರು ವರ್ಷದಲ್ಲಿ ಎಂಟು ಮೀನಾಗಿದ್ದವು. ಒಂದು ಶನಿವಾರ ಬೆಂಗಳೂರಿಗೆ ಹೋದವನು ಒಂದು ದೊಡ್ಡ ನೀಲಿ ಮೀನು ತಂದೆ. “ಒಂದು ತಿಂಗಳು ಬೇರೆ ಇಟ್ಟು ನೋಡಿ ಆಮೇಲೆ ಬಿಡೋಣ ಕಣ್ರೀ, ಟಬ್ಬಲ್ಲಾದ್ರೂ ಇಡಿ,” ಎಂದಳು. ಅವಳು ಎಲ್ಲೋ ಓದಿದ್ದಳು. ಹೊಸ ಮೀನಿನ ಮೈಮೇಲೆ ಏನಿದೆಯೋ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ತೊಟ್ಟಿಯೆಲ್ಲ ಹರಡಿರುತ್ತದೆ. ನಾನು ಕೆಮಿಸ್ಟ್ರಿ ಮೇಷ್ಟ್ರು. ಮೀನು ಚುರುಕಾಗಿದೆ, ಬಣ್ಣ ಚೆನ್ನಾಗಿದೆ, ಇನ್ನೇನು ಬೇಕು ಎಂದೆ. ಕವರನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಕತ್ತರಿಸಿ, ನೀರಿನ ಸಮೇತ ಒಳಗೆ ಸುರಿದೆ.

ಒಂಬತ್ತನೆಯ ದಿನ ನೀಲಿ ಮೀನಿನ ರೆಕ್ಕೆಯ ಮೇಲೆ ಚಿರೋಟಿ ರವೆ ಉದುರಿದಂತೆ ಬಿಳಿ ಚುಕ್ಕೆ ಕಂಡವು. ಎರಡು ವಾರದೊಳಗೆ ಒಂದೊಂದಾಗಿ ಎಂಟು ಹೋದವು. ಉಳಿದದ್ದು ನಾವು ಮೊದಲು ತಂದ ಕ್ಲೌನ್ ಒಂದೇ. ಅದನ್ನು ಬೇರೆ ಟಬ್ಬಿಗೆ ಹಾಕಿ ತಾಮ್ರದ ಔಷಧ ಶುರು ಮಾಡಿದೆ. ಪೂರ್ತಿ ಮೂವತ್ತು ದಿನ ಕೊಡಬೇಕು.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸತ್ತ ಮೀನನ್ನು ಜಾಲರಿಯಲ್ಲಿ ಎತ್ತಿ ಮಹಡಿಯ ಕರಿಬೇವಿನ ಕುಂಡದಲ್ಲಿ ಹೂಳುವಳು, ಕೈ ತೊಳೆದುಕೊಂಡು ಸ್ಕೂಲಿಗೆ ಹೋಗುವಳು. ಮೀನು ಸತ್ತಿದ್ದಕ್ಕೆ ಯಾರೂ ಮನೆ ಬಿಟ್ಟು ಹೋಗುವುದಿಲ್ಲ, ಅದು ನನಗೂ ಗೊತ್ತು. ಕುಣಿಗಲ್ಲಿನ ಕಡೆಗೆ ವರ್ಗಾವಣೆ ಬೇಕೆಂದು ಅವಳು ಅರ್ಜಿ ಹಾಕಿದ್ದು ಅದಕ್ಕೂ ಮೊದಲೇ. ಆದೇಶ ಬಂದದ್ದು ಮಾತ್ರ ಆ ದಿನಗಳಲ್ಲಿ. ದಿನಾ ಓಡಾಡಬಹುದಿತ್ತು, ಬರೀ ಒಂದೂ ಕಾಲು ಗಂಟೆಯ ದಾರಿ. “ಅಲ್ಲೇ ಒಂದು ಸಣ್ಣ ಮನೆ ಮಾಡ್ತೀನಿ,” ಅಂದಳು. ಸರಿ ಅಂದೆ. ಬೇರೆಯಾಗೋಣ ಎಂದು ಯಾರೂ ಹೇಳಲಿಲ್ಲ. ಕೋರ್ಟು ಕಚೇರಿ ಏನೂ ಆಗಲಿಲ್ಲ. ಮೊದಮೊದಲು ಭಾನುವಾರ ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ ಬಂದಳು. ಆಮೇಲೆ ಹಬ್ಬಕ್ಕೂ ಬರಲಿಲ್ಲ.

ಹೋಗುವಾಗ ಕ್ಲೌನನ್ನು ಕೇಳಿದಳು. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಲ್ಲಿ ಹಾಕಿಕೊಟ್ಟೆ. ಔಷಧ ಶುರುವಾಗಿ ಹದಿನಾರು ದಿನ ಆಗಿತ್ತು. ಇನ್ನೂ ಹದಿನಾಲ್ಕು ದಿನ ಬಾಕಿಯಿತ್ತು. ನಾನು ಅದನ್ನು ಹೇಳಲಿಲ್ಲ.

ಅವಳು ಹೋದ ಮೇಲೆ ತೊಟ್ಟಿಯನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಟ್ಟೆ. ಮೀನಿನ ಮೈ ಸಿಗದಿದ್ದರೆ ಆ ಬಿಳಿ ಚುಕ್ಕೆಯ ಹುಳ ತಾನಾಗಿ ಸಾಯುತ್ತದೆ. ಮೀನಿಲ್ಲದ ನೀರಿಗೆ ದಿನವೂ ದೀಪ ಹಾಕಿ, ದೀಪ ಆರಿಸಿ, ಆವಿಯಾದಷ್ಟು ನೀರು ತುಂಬಿಸಿದೆ. ಕೆಳಗಿನ ಮನೆಯ ಓನರಮ್ಮ ಒಂದು ದಿನ ಬಂದವರು, “ಸಾರ್, ಮೀನೇ ಇಲ್ವಲ್ಲ, ಯಾರಿಗೆ ಕರೆಂಟು?” ಅಂತ ಕೇಳಿದರು. ಆಮೇಲೆ ತಂದ ಪ್ರತಿ ಮೀನನ್ನೂ ಬೇರೆ ತೊಟ್ಟಿಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಇಟ್ಟೇ ಒಳಗೆ ಬಿಟ್ಟಿದ್ದೇನೆ. ಐದು ವರ್ಷದಲ್ಲಿ ತಂದಿದ್ದು ಮೂರೇ.

ಆ ಬೇರೆ ತೊಟ್ಟಿ ಅಂದರೆ ದೊಡ್ಡದೇನಲ್ಲ. ಎರಡಡಿ ಗಾಜು, ಕೆಳಗೆ ಮರಳಿಲ್ಲ, ಕಲ್ಲಿಲ್ಲ. ಇದ್ದರೆ ಔಷಧವನ್ನೆಲ್ಲ ಹೀರಿಕೊಳ್ಳುತ್ತವೆ. ಮೀನು ಅಡಗಿಕೊಳ್ಳಲು ಪ್ಲಂಬರ್ ಬಳಸುವ ಬಾಗಿದ ಪಿವಿಸಿ ಎಲ್ಬೋ ಪೈಪು ಎರಡು, ಒಂದು ಸ್ಪಂಜಿನ ಫಿಲ್ಟರು, ಒಂದು ಹೀಟರು, ಮೀನು ಹಾರಿ ಆಚೆ ಬೀಳದ ಹಾಗೆ ಮೇಲೊಂದು ಜಾಲರಿ. ಅದಕ್ಕೆ ಬಳಸಿದ ಬಕೆಟ್ಟು, ಬಲೆ ಯಾವುದೂ ದೊಡ್ಡ ತೊಟ್ಟಿಯ ಹತ್ತಿರ ಹೋಗುವಂತಿಲ್ಲ. ಅವಳ ಫೋನು ಬಂದ ಶುಕ್ರವಾರವೇ ಆ ಚಿಕ್ಕ ತೊಟ್ಟಿಯನ್ನು ಅಟ್ಟದಿಂದ ಕೆಳಗಿಳಿಸಿ ಒರೆಸಿದೆ. ಶನಿವಾರ ನೀರು ಕಲಸಿದೆ. ಇಪ್ಪತ್ತೈದಕ್ಕಲ್ಲ, ಅವಳ ನೀರಿನಷ್ಟೇ, ಇಪ್ಪತ್ತಕ್ಕೆ. ಹೆಚ್ಚು ಉಪ್ಪಿನಿಂದ ಕಡಿಮೆಗೆ ಬಂದರೆ ಮೀನು ತಡೆದುಕೊಳ್ಳುತ್ತದೆ. ಕಡಿಮೆಯಿಂದ ಹೆಚ್ಚಿಗೆ ಒಂದೇ ಸಲ ಹಾಕಿದರೆ ತಡೆಯುವುದಿಲ್ಲ. ಮೀನನ್ನು ನೀರಿಗೆ ಒಗ್ಗಿಸುವುದಕ್ಕಿಂತ ನೀರನ್ನು ಮೀನಿಗೆ ಸರಿಮಾಡಿಡುವುದು ಸುಲಭ ಎಂದು ಕಲಿಯುವುದಕ್ಕೆ ನನಗೆ ಸುಮಾರು ವರ್ಷ ಬೇಕಾಗಿತ್ತು.

ಭಾನುವಾರ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಮುಚ್ಚಳದ ಬಕೆಟ್ಟು, ಅದನ್ನಿಡಲು ಥರ್ಮೋಕೋಲ್ ಡಬ್ಬ, ಬ್ಯಾಟರಿಯ ಗಾಳಿ ಪಂಪು. ಕಂಡಕ್ಟರ್ ಡಬ್ಬ ನೋಡಿ, “ಏನ್ ಸಾರ್, ಐಸ್‌ಕ್ರೀಮಾ?” ಎಂದ.

“ಮೀನು ತರೋಕೆ.”

“ಕುಣಿಗಲ್ ಕೆರೆ ಮೀನಾ? ಅದ್ಕೆ ಇಷ್ಟೆಲ್ಲಾ ಯಾಕ್ ಸಾರ್? ಕವರಲ್ ಹಾಕ್ ಕೊಡ್ತಾರೆ ಬುಡಿ.”

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಹೆಬ್ಬೂರು ದಾಟಿದ ಮೇಲೆ ರಾಗಿಗೆ ಉತ್ತಿಟ್ಟ ಹೊಲಗಳು ಕಂಡವು. ಐದು ವರ್ಷದಲ್ಲಿ ಒಂದು ಸಲವೂ ನಾನು ಈ ದಾರಿಯಲ್ಲಿ ಬಂದಿರಲಿಲ್ಲ ಎಂಬುದು ಆಗ ಹೊಳೆಯಿತು. ಅವಳ ಮನೆಯ ವಿಳಾಸವನ್ನೂ ಫೋನಿನಲ್ಲೇ ಕೇಳಿಕೊಂಡಿದ್ದೆ.

ಮನೆ ಚಿಕ್ಕದು, ಬೆಳಕಿತ್ತು. ಪುಸ್ತಕ, ಪಾತ್ರೆ ಆಗಲೇ ರಟ್ಟಿನ ಡಬ್ಬ ಸೇರಿದ್ದವು. ಅವಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನದನ್ನು ನೋಡಿ ಅವಳೂ ಹಾಗೇ ಅಂದುಕೊಂಡಿರಬೇಕು. ಅವಲಕ್ಕಿ ಒಗ್ಗರಣೆ ಮಾಡಿಟ್ಟಿದ್ದಳು. ತಟ್ಟೆ ಕೊಟ್ಟು ಎದುರು ಕೂತು, “ಸಣ್ಣಗಾಗಿದೀರ,” ಅಂದಳು. ಅಷ್ಟೇ. ಮೀನು ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿತ್ತು. ದೊಡ್ಡದಾಗಿತ್ತು, ನನ್ನ ಅಂಗೈಯ ಮುಕ್ಕಾಲಷ್ಟು. ಅವಳು ಹತ್ತಿರ ಹೋದರೆ ಗಾಜಿಗೆ ಬರುವುದು. ನಾನು ಹೋದರೆ ಹಿಂದೆ ಸರಿಯುವುದು.

ಹನಿ ನೀರು ತೆಗೆದು ಉಪ್ಪು ಅಳೆಯುವ ದುರ್ಬೀನಿನಂಥ ಸಾಧನದಲ್ಲಿ ನೋಡಿದೆ. ಸರಿಯಾಗಿ ಇಪ್ಪತ್ತು.

“ಕರ್ಕೊಂಡ್ ಹೋಗಿ ಇವತ್ತೇ ದೊಡ್ಡ ತೊಟ್ಟಿಗೆ ಬಿಡ್ತೀರ ತಾನೆ?” ಅಂತ ಕೇಳಿದಳು.

“ಇಲ್ಲ. ಬೇರೆ ಇಡ್ತೀನಿ. ಒಂದ್ ತಿಂಗಳಾದ್ರೂ.”

ಅವಳ ಮುಖ ಸಣ್ಣಗಾಯಿತು. “ಐದ್ ವರ್ಷದಿಂದ ಒಂದೇ ತೊಟ್ಟಿ, ಒಂದೇ ಮೀನು. ಹೊರಗಿಂದ ಏನೂ ಬಂದಿಲ್ಲ. ಇವಳಿಗೆ ರೋಗ ಎಲ್ಲಿಂದ ಬರುತ್ತೆ?”

“ಇದೆ ಅಂತ ಅಲ್ಲ. ಇಲ್ಲ ಅಂತ ಗೊತ್ತಾಗ್ಲಿ ಅಂತ.”

“ಅವತ್ತು ನಾನು ಹೇಳ್ದಾಗ ಇಪ್ಪತ್ತೇ ನಿಮಿಷ ಸಾಕಾಗಿತ್ತು.”

ಐದು ವರ್ಷದ ಮೇಲೆ ಆ ಮಾತು ಬಂತು. ನಾನು ತಟ್ಟೆ ಕೆಳಗಿಟ್ಟೆ. “ಹೌದು,” ಅಂದೆ. ಅವಳು ಎದ್ದು ಮೀನು ಹಿಡಿಯಲು ಹೋದಳು. ಬಲೆ ಹಾಕಲಿಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನಲ್ಲಿ ಅಡ್ಡ ಹಿಡಿದು ಕಾದಳು. ಮೀನು ತಾನಾಗಿ ಒಳಗೆ ಬಂತು.

ಮನೆಗೆ ಬಂದು ಕೋಣೆಯ ದೀಪ ಹಾಕಲಿಲ್ಲ, ಕಿಟಕಿಯ ಬೆಳಕೇ ಸಾಕಾಗಿತ್ತು. ಬಕೆಟ್ಟಿನ ನೀರು ತಣ್ಣಗಾಗಿತ್ತು. ಅದರಿಂದ ಒಂದಿಷ್ಟನ್ನು ಮೀನಿನ ಸಮೇತ ಕವರಿಗೆ ಹಾಕಿ ಚಿಕ್ಕ ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸಿ ಒಂದಾಗುವವರೆಗೆ ಕಾದೆ. ಆಮೇಲೆ ಡಬ್ಬಿಯಲ್ಲಿ ಮೀನನ್ನಷ್ಟೇ ಎತ್ತಿ ಒಳಗೆ ಜಾರಿಸಿದೆ. ಕುಣಿಗಲ್ಲಿನ ನೀರನ್ನು ಬಚ್ಚಲಿಗೆ ಸುರಿದೆ. ಮೀನು ಒಂದು ಸುತ್ತು ಹಾಕಿ ಎಲ್ಬೋ ಒಳಗೆ ಹೋಗಿ ಕೂತಿತು. ಪೈಪಿನ ಬಾಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಏಳೂವರೆಗೆ, ನಾನು ಸ್ಟೇಷನ್ನಿಗೆ ಹೊರಟಿದ್ದಾಗ, ಫೋನು ಬಂತು.

“ತಿಂದ್ಲಾ?”

“ಇಲ್ಲ.”

“ನನ್ ಹತ್ರ ಆದ್ರೆ ಕೈಯಿಂದ್ಲೇ ತಿಂತಿದ್ಲು.”

“ಹೊಸ ಜಾಗ ಅಲ್ವಾ. ಎರಡ್ ದಿನ ಬಿಡು.”

ಮೂರನೆಯ ದಿನ ತಿಂದಿತು. ಅವಳು ಕೊಟ್ಟು ಕಳಿಸಿದ್ದ ಸೀಗಡಿಯ ಚೂರನ್ನು ಒಂದು ಸಲ ಉಗುಳಿ, ಮತ್ತೆ ಬಾಯಿಗೆ ತೆಗೆದುಕೊಂಡಿತು. ಆ ದಿನ ನಾನೇ ಫೋನ್ ಮಾಡಿದೆ. ಅಲ್ಲಿಂದ ದಿನಾ ಬೆಳಿಗ್ಗೆ ಏಳೂವರೆ ಅಂದರೆ ಅವಳ ಫೋನು. ತಿಂದ್ಲಾ, ಉಸಿರು ಜೋರಾಗಿದೆಯಾ, ರೆಕ್ಕೆ ಬಿಚ್ಚಿದಾಳಾ. ಇವು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರು ಒಂದು ಹೆಚ್ಚಿನ ಮಾತು ಸೇರಿಸುತ್ತಿದ್ದೆವು. ನಿಮ್ಮ ಸಕ್ಕರೆ ಕಂಟ್ರೋಲಲ್ಲಿದೆಯಾ ಅಂತ ಅವಳು. ಕಡಬದ ಕಡೆಯಿಂದ ಬರುವ ಹುಡುಗಿಯೊಬ್ಬಳು ಬ್ಯೂರೆಟ್ ಒಡೆದು ಅತ್ತ ಕತೆ ನಾನು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಆ ಎರಡು ಮಾತನ್ನೇ ಗುಬ್ಬಿಯವರೆಗೆ ಮತ್ತೆ ಮತ್ತೆ ನೆನೆಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಯಥಾಪ್ರಕಾರ ಎರಡು ಪಂಪುಗಳ ಸದ್ದು. ಆದರೂ ಬೆಳಿಗ್ಗೆಗೆ ಏನು ಹೇಳಬೇಕು ಎಂದು ಯೋಚಿಸುವ ಕೆಲಸವೊಂದು ಇತ್ತು. ಎಷ್ಟೋ ವರ್ಷದಿಂದ ಆ ಕೆಲಸ ನನಗಿರಲಿಲ್ಲ.

ದಿನಕ್ಕೆ ಸ್ವಲ್ಪ ಸ್ವಲ್ಪವೇ ಉಪ್ಪು ನೀರು ಬೆರೆಸಿ ಇಪ್ಪತ್ತರಿಂದ ಮೇಲಕ್ಕೆ ತರುತ್ತಿದ್ದೆ. ಇಪ್ಪತ್ತನಾಲ್ಕಕ್ಕೆ ಬಂದಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಬಾಲದ ರೆಕ್ಕೆಯ ಮೇಲೆ ಮೂರು ಬಿಳಿ ಚುಕ್ಕೆ. ಗಾಳಿಯ ಗುಳ್ಳೆ ಇರಬೇಕು ಅಂದುಕೊಂಡೆ. ಗುಳ್ಳೆಯಾದರೆ ಅಲುಗಾಡಿದಾಗ ಬಿಟ್ಟುಹೋಗುತ್ತದೆ. ಹೋಗಲಿಲ್ಲ.

ಏಳೂವರೆಗೆ ಫೋನು ಬಂತು. “ಹೇಗಿದಾಳೆ?”

“ಚೆನ್ನಾಗಿದಾಳೆ,” ಅಂದೆ.

ಮಾರನೆಯ ದಿನವೂ ಹಾಗೇ ಅಂದೆ. ಚುಕ್ಕೆ ಹತ್ತಾಗಿದ್ದವು. ನಿಜ ಹೇಳಿದರೆ ಈ ಫೋನು ನಿಂತುಹೋಗುತ್ತದೆ ಎಂಬ ಭಯ ನನಗಿತ್ತು. ಆವತ್ತಿನಂತೆ ಅವಳು ಒಂದು ಮಾತೂ ಆಡದೆ ಇಟ್ಟುಬಿಡುತ್ತಾಳೆ ಅಂತ. ಆದರೆ ಔಷಧ ತಡ ಮಾಡುವಂತಿರಲಿಲ್ಲ. ಮೂರನೆಯ ದಿನ ಶನಿವಾರ. ಅವಳು ಕೇಳುವ ಮೊದಲೇ ಹೇಳಿಬಿಟ್ಟೆ.

“ಚುಕ್ಕೆ ಬಂದಿದೆ. ಗುರುವಾರಾನೇ ನೋಡ್ದೆ. ಹೇಳ್ಲಿಲ್ಲ.”

ಅವಳು ಫೋನು ಇಟ್ಟಳು. ನಾನು ಆ ದಿನ ರಜೆ ಹಾಕಿದೆ. ತಾಮ್ರದ ಔಷಧದ ಬಾಟಲಿ, ಪರೀಕ್ಷೆಯ ಕಿಟ್ಟು ಎಲ್ಲ ಮೇಜಿನ ಮೇಲಿಟ್ಟು ಕೂತೆ. ಮಧ್ಯಾಹ್ನ ಎರಡರ ಸುಮಾರಿಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ಓನರಮ್ಮ ಕೆಳಗಿನಿಂದ “ಯಾರು? ಅಯ್ಯೋ, ನೀವಾ!” ಎಂದಿದ್ದು ಕೇಳಿತು. ಅವಳು ಬೆಳಗಿನ ಸ್ಕೂಲು ಮುಗಿಸಿ ನೇರ ಬಸ್ಸು ಹತ್ತಿದ್ದಳು.

ಒಳಗೆ ಬಂದವಳು ಚೀಲವನ್ನೂ ಇಳಿಸದೆ ಗಾಜಿನ ಮುಂದೆ ಕೂತಳು. ಮೀನು ಪೈಪಿನಿಂದ ಹೊರಗೆ ಬಂದು ಅವಳೆದುರು ನಿಂತಿತು. ಉಸಿರು ಜೋರಾಗಿತ್ತು. ಅವಳು ಬಹಳ ಹೊತ್ತು ನೋಡಿದಳು.

“ಹಾಗಾದ್ರೆ ಇದು ಇಷ್ಟ್ ವರ್ಷ ನನ್ನ ಹತ್ರಾನೇ ಇತ್ತು,” ಎಂದಳು. “ಇವಳ ಮೈಯಲ್ಲೇ ಇತ್ತು. ಅಲ್ವಾ?”

“ಇದ್ದಿರಬಹುದು. ಕಮ್ಮಿ ಇದ್ದಾಗ ಕಾಣಲ್ಲ. ಕಿವಿರೊಳಗೆ ಒಂದೋ ಎರಡೋ ಇರುತ್ತೆ. ಸುಸ್ತಾದಾಗ ಜಾಸ್ತಿ ಆಗುತ್ತೆ.”

“ನಾನ್ ಹೇಳ್ದಂಗೆ ಕೇಳಿ ನೀವು ದೊಡ್ಡ ತೊಟ್ಟಿಗೆ ಬಿಟ್ಟಿದ್ರೆ ಅಲ್ಲಿರೋ ಮೂರೂ ಹೋಗ್ತಿದ್ವು.”

ಅದಕ್ಕೆ ನಾನು ಹ್ಞೂಂ ಅನ್ನಬಹುದಿತ್ತು. ಐದು ವರ್ಷದ ಲೆಕ್ಕ ಅಲ್ಲಿಗೆ ಸಮ ಆಗುತ್ತಿತ್ತು. ಅವಳ ಬೆನ್ನು ನೋಡುತ್ತಾ ನಿಂತವನಿಗೆ ಹಾಗನ್ನಲು ಆಗಲಿಲ್ಲ.

“ತಪ್ಪು ನಿಂದಲ್ಲ,” ಅಂದೆ. “ನೀನು ಕುಣಿಗಲ್ಲಿಗೆ ಹೋದ ದಿನ ಔಷಧ ಇನ್ನೂ ಎರಡು ವಾರ ಬಾಕಿ ಇತ್ತು. ಮುಗಿಸ್ದೇ ಕೊಟ್ಟು ಕಳಿಸ್ದೆ.”

ಅವಳು ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ, ಇನ್ನೆರಡು ವಾರ ಇದ್ದು ಹೋಗು ಅಂತ ಕೇಳ್ಕೊಂಡ ಹಾಗಾಗ್ತಿತ್ತು.”

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳ ಕೂಗು ಬೀದಿಯ ತಿರುವಿನವರೆಗೂ ಕೇಳಿತು.

“ಕೇಳಬಹುದಿತ್ತು ನೀವು,” ಎಂದಳು ನನ್ನ ಹೆಂಡತಿ. “ಇರ್ತಿದ್ನೋ ಏನೋ.”

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಎಷ್ಟು ಹನಿ?” ಅಂತ ಕೇಳಿದಳು.

ತಾಮ್ರವನ್ನು ಒಂದೇ ಸಲ ಪೂರ್ತಿ ಹಾಕುವಂತಿಲ್ಲ. ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸಬೇಕು. ಕಡಿಮೆಯಾದರೆ ಹುಳ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ಅವಳು ಹನಿ ಹಾಕಿದಳು, ನಾನು ಗಡಿಯಾರ ನೋಡಿ ನೀರು ತೆಗೆದು ಪರೀಕ್ಷೆ ಮಾಡಿದೆ. ಕೊಳವೆಯಲ್ಲಿ ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಬೇಕು. “ಇದು ಎರಡನೇ ಮನೆ,” ಅಂದೆ. “ಅಲ್ಲ, ಒಂದೂವರೆ. ಕಿಟಕಿ ಹತ್ರ ಹಿಡೀರಿ, ಟ್ಯೂಬ್‌ಲೈಟಲ್ಲಿ ಏನ್ ಕಾಣುತ್ತೆ,” ಅಂದಳು. ಕಿಟಕಿಯ ಹತ್ತಿರ ಹೋದೆವು. ಒಂದೂವರೆಯೇ ಇತ್ತು. ಆವತ್ತು ಮಧ್ಯಾಹ್ನ ನಾವಿಬ್ಬರೂ ಒಂದು ಗಾಜಿನ ಕೊಳವೆಯನ್ನು ನಡುವೆ ಹಿಡಿದು ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತಿದ್ದೆವು. ಅವಳ ಕೂದಲಿಗೆ ಸೀಗೆಕಾಯಿಯ ವಾಸನೆ ಇತ್ತು.

ಸಂಜೆ ಬಸ್ ಸ್ಟ್ಯಾಂಡಿಗೆ ಜೊತೆಯಲ್ಲಿ ಹೋದೆ. ಕುಣಿಗಲ್ ಬಸ್ಸು ನಿಂತಿತ್ತು, ಡ್ರೈವರ್ ಟೀ ಕುಡಿಯುತ್ತಿದ್ದ. ಕೇಳಬೇಕೆಂದಿದ್ದದ್ದನ್ನು ಆಗ ಕೇಳಿದೆ.

“ಪ್ರಮೋಷನ್ ಕೌನ್ಸೆಲಿಂಗಲ್ಲಿ ಹತ್ತಿರದ ಊರು ಯಾವುದೂ ಸಿಗ್ಲಿಲ್ವಾ?”

“ಇತ್ತು. ಶಿರಾ ಹತ್ರ ಒಂದಿತ್ತು, ತಿಪಟೂರ್ ಹತ್ರ ಒಂದಿತ್ತು.” ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. “ನಾನೇ ದೂರದ್ದು ಆರಿಸ್ಕೊಂಡೆ. ಸಮುದ್ರದ ಹತ್ರ ಇರೋಣ ಅನ್ನಿಸ್ತು ಕಣ್ರೀ. ಇನ್ನು ಏಳೆಂಟು ವರ್ಷ ಸರ್ವೀಸು. ಯಾರನ್ನೂ ಕಾಯ್ಕೊಂಡು ಕೂರೋದ್ ಬೇಡ ಅನ್ನಿಸ್ತು.”

ಅವಳು ಯಾರನ್ನು ಕಾದಿದ್ದಳು ಎಂದು ನಾನು ಕೇಳಲಿಲ್ಲ. ಬಸ್ಸಿನ ದಾರಿ ಎರಡೂ ಕಡೆಗೆ ಒಂದೇ ಇತ್ತು. ಐದು ವರ್ಷ ನಾನೂ ಹತ್ತಬಹುದಿತ್ತು.

ಎರಡು ವಾರ ಕಳೆದು ಅವಳು ಕುಮಟಾಕ್ಕೆ ಹೋದಳು. ಸಾಮಾನು ಸಾಗಿಸಲು ಬರಲೇ ಎಂದು ಕೇಳಿದೆ. ಅಕ್ಕನ ಮಗ ಬರ್ತಾನೆ, ನೀವು ರಜೆ ಹಾಕ್ಬೇಡಿ, ಅವಳಿಗೆ ದಿನಾ ಔಷಧ ನೋಡ್ಬೇಕಲ್ಲ ಎಂದಳು. ನಾನು ದಿನಾ ನೋಡಿದೆ. ನಾಲ್ಕು ದಿನಕ್ಕೆ ಚುಕ್ಕೆ ಉದುರಿದವು. ಉದುರಿದ್ದು ವಾಸಿಯಾದದ್ದಲ್ಲ, ಹುಳ ಮೈಬಿಟ್ಟು ತಳಕ್ಕೆ ಹೋಗಿದೆ ಅಷ್ಟೇ, ಮತ್ತೆ ಬರುತ್ತದೆ ಎಂದು ಈ ಸಲ ಗೊತ್ತಿತ್ತು. ಮೂವತ್ತು ದಿನ ತಾಮ್ರ ಬಿಡಲಿಲ್ಲ. ಆಮೇಲೆ ಇದ್ದಿಲಿನ ಫಿಲ್ಟರ್ ಹಾಕಿ, ನೀರು ಬದಲಿಸಿ ಔಷಧ ತೆಗೆದೆ. ಮತ್ತೆ ಎರಡು ವಾರ ಸುಮ್ಮನೆ ನೋಡುತ್ತಾ ಇಟ್ಟೆ. ಟಾರ್ಚಿನ ಬೆಳಕಿನಲ್ಲಿ ರೆಕ್ಕೆ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

ಅಷ್ಟರಲ್ಲಿ ಏಳೂವರೆಯ ಫೋನು ಎಂಟಕ್ಕೆ ಹೋಗಿತ್ತು, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ಭಾನುವಾರ. ಅವಳಿಗೆ ಹೊಸ ಸ್ಕೂಲು, ಬಿಸಿಯೂಟ, ಸೋರುವ ಎರಡು ಕೋಣೆ. ಅಲ್ಲಿ ಮಳೆ ಜೋರು. ಫೋನಿನಲ್ಲಿ ಅವಳ ಮಾತಿಗಿಂತ ಮಳೆಯೇ ಹೆಚ್ಚು ಕೇಳುತ್ತಿತ್ತು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಮೀನನ್ನು ದೊಡ್ಡ ತೊಟ್ಟಿಗೆ ಬಿಟ್ಟೆ. ಎರಡೂ ಕಡೆ ಇಪ್ಪತ್ತೈದು, ಎರಡೂ ಕಡೆ ಒಂದೇ ಬಿಸಿ. ದೀಪ ಆರಿಸಿದೆ. ಒಳಗಿದ್ದ ಹಳದಿ ಮೀನು ಹೊಸಬರ ಮೇಲೆ ಏರಿಹೋಗುತ್ತದೆಂದು ತೂತಿನ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಒಳಗೇ ತೂಗುಹಾಕಿ ಎರಡು ದಿನ ಅದರಲ್ಲಿಟ್ಟೆ. ಹಳದಿ ಮೀನು ಮೊದಲ ದಿನ ಬಾಲ ಬೀಸಿ ಹೆದರಿಸಿತು, ಎರಡನೆಯ ದಿನ ಸುಮ್ಮನಾಯಿತು. ಪೆಟ್ಟಿಗೆಯ ಬಾಗಿಲು ತೆಗೆದಾಗ ಕ್ಲೌನ್ ತಕ್ಷಣ ಹೊರಗೆ ಬರಲಿಲ್ಲ. ಬಂದದ್ದು ಬಲಗಡೆಯ ಕಲ್ಲಿನ ಹತ್ತಿರಕ್ಕೆ ಹೋಯಿತು. ಐದು ವರ್ಷದ ಹಿಂದೆ ಅದು ಮಲಗುತ್ತಿದ್ದ ಜಾಗವೇ ಅದಾಗಿತ್ತೇ? ನನಗೆ ಖಾತ್ರಿಯಿಲ್ಲ. ಕೇಳಿದರೆ ಅವಳಿಗೆ ಗೊತ್ತಿರುತ್ತಿತ್ತು.

ವೀಡಿಯೊ ಮಾಡಿ ಕಳಿಸಿದೆ. ಸಂಜೆಯವರೆಗೂ ನೋಡಿರಲಿಲ್ಲ. ಆಮೇಲೆ ಎರಡು ನೀಲಿ ಗೆರೆ ಬಿದ್ದವು. “ಸದ್ಯ,” ಎಂದು ಬರೆದಿದ್ದಳು. ಸ್ವಲ್ಪ ಹೊತ್ತಿಗೆ, “ಥ್ಯಾಂಕ್ಸ್ ರೀ.”

ಆಮೇಲೆ ಹೆಚ್ಚುಕಡಿಮೆ ಎರಡು ತಿಂಗಳು ಫೋನಿರಲಿಲ್ಲ. ಮಾಡಲು ನನಗೂ ಕಾರಣ ಸಿಗಲಿಲ್ಲ. ಆರೋಗ್ಯವಾಗಿರುವ ಮೀನಿನ ಬಗ್ಗೆ ಹೇಳುವುದಕ್ಕೆ ಏನಿರುತ್ತದೆ? ಬೆಳಿಗ್ಗೆ ಏಳೂವರೆಗೆ ಶೂ ಹಾಕಿಕೊಂಡು ಫೋನನ್ನು ಕೈಯಲ್ಲಿ ಹಿಡಿದು ಒಂದೆರಡು ನಿಮಿಷ ನಿಲ್ಲುವುದು ಮಾತ್ರ ಅಭ್ಯಾಸವಾಗಿತ್ತು. ಎರಡು ಸಲ ರೈಲು ತಪ್ಪಿತು.

ದಸರಾ ರಜೆ ಮುಗಿದ ಮೇಲಿನ ಭಾನುವಾರ ಅವಳೇ ಮಾಡಿದಳು. ಸ್ಕೂಲಿನ ಸೋರುವ ಕೋಣೆಗೆ ಶೀಟು ಹಾಕಿಸಿದ್ದು ಹೇಳಿದಳು. ಸಂಜೆ ಹೊತ್ತು ದಂಡೆಗೆ ನಡೆದು ಹೋಗುತ್ತಾಳಂತೆ. ಅಲ್ಲಿ ಬಲೆ ಎಳೆಯುವ ಹೆಂಗಸರು ಮಾತಾಡಿಸುತ್ತಾರಂತೆ, ಅವರ ಕನ್ನಡ ಮೊದಲು ಅರ್ಥವಾಗುತ್ತಿರಲಿಲ್ಲವಂತೆ. ಒಂದು ಸಲ ಅಲೆ ಬಂದು ಚಪ್ಪಲಿ ಕೊಚ್ಚಿಕೊಂಡು ಹೋಯಿತಂತೆ, ಬರಿಗಾಲಲ್ಲಿ ಮನೆಗೆ ಬಂದಳಂತೆ. ಅದನ್ನು ಹೇಳುವಾಗ ಅವಳು ನಗುತ್ತಿದ್ದಳು. ನಾನು ನಡುನಡುವೆ ಹ್ಞೂಂ ಎನ್ನುತ್ತಾ ಕೇಳಿದೆ. ಅರ್ಧ ಗಂಟೆ ಆಯಿತು. ಅವಳು ಮೀನಿನ ಸುದ್ದಿಯನ್ನೇ ಎತ್ತಲಿಲ್ಲ.

ಇಡುವ ಹೊತ್ತಿಗೆ ನಾನೇ ಹೇಳಿದೆ, “ಮೀನು ಚೆನ್ನಾಗಿದೆ.”

“ಗೊತ್ತು,” ಎಂದಳು. “ನೀವು ನೋಡ್ಕೋತೀರ.”

ಯಾರೋ ಅವಳನ್ನು ಆಚೆಯಿಂದ ಕರೆದರು. “ಬಂದೆ,” ಎಂದು ಅವರಿಗೆ ಹೇಳಿ, “ಇಡ್ತೀನಿ ರೀ,” ಎಂದು ನನಗೆ ಹೇಳಿ ಇಟ್ಟಳು.

ಫೋನು ಮೇಜಿನ ಮೇಲಿಟ್ಟೆ. ಸಂತೋಷವಾಗಿತ್ತು. ನಾನೂ ಒಂದು ದಿನ ಅಲ್ಲಿಗೆ ಬರಬಹುದಾ ಎಂದು ಕೇಳಬೇಕಿತ್ತು. ಆ ಅರ್ಧ ಗಂಟೆಯಲ್ಲಿ ಅದು ಎರಡು ಸಲ ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ಭಾನುವಾರ ಕೇಳೋಣ ಅಂದುಕೊಂಡೆ. ಮಧ್ಯಾಹ್ನದ ಅನ್ನಕ್ಕೆ ಮೊಸರಿರಲಿಲ್ಲ. ಚೀಲ ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೋದೆ.